ಹೊಗೆಯನ್ನು ಪಳಗಿಸಿದ ಕೌಂಟ್ ರಂಫರ್ಡ್

ಊದುಗೊಳವೆಯನ್ನು ಕೈಯಲ್ಲಿ ಹಿಡಿದು, ಒಲೆಯ ಮುಂದೆ ಬಾಗಿ ಕುಳಿತು, ಹಸಿಸೌದೆಯ ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಳ್ಳದ ಗೃಹಿಣಿಯು ನಮ್ಮ ಅಜ್ಜಿಯರ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು. ನಗರದಲ್ಲಿ ಹುಟ್ಟಿ, ಗ್ಯಾಸಿನ ನೀಲಿ ಜ್ವಾಲೆಯನ್ನು ನೋಡುತ್ತ ಬೆಳೆಯುತ್ತಿರುವ ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರಾದರೂ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಅಡಿಗೆಮನೆಯ ಕಪ್ಪಾದ ಜಂತಿಗಳನ್ನು ಕಂಡಿರಬಹುದು. ಆ ಮಸಿಯಷ್ಟೇ ಮಸಿ ಅಲ್ಲಿ ಅಡಿಗೆ ಮಾಡಿದವರ ಎದೆಯೊಳಗೂ ಸೇರಿತ್ತೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಹೊಗೆಯ ಈ ಪೀಡೆಯು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಲಂಡನ್ ನಗರದ ಪ್ರಭುಗಳ ದಿವಾನಖಾನೆಗಳು ಸಹ ಹೊಗೆಯಿಂದ ತುಂಬಿಹೋಗುತ್ತಿದ್ದವು. ಚಳಿನಾಡಿನಲ್ಲಿ ಬೆಂಕಿಯು ಅಡಿಗೆಗಷ್ಟೇ ಅಲ್ಲ, ಬದುಕಿ ಉಳಿಯುವುದಕ್ಕೂ ಬೇಕು. ಆದುದರಿಂದ ಪ್ರತಿಯೊಂದು ಕೋಣೆಯ ಗೋಡೆಯಲ್ಲಿಯೂ ಒಂದು ಅಗ್ಗಿಷ್ಟಿಕೆ, ಅದರ ಮೇಲೆ ಮಾಳಿಗೆಯನ್ನು ದಾಟಿ ಹೋಗುವ ಹೊಗೆಗೂಡು ಇರುತ್ತಿದ್ದವು. ಹೊಗೆಯು ಗೂಡಿನಲ್ಲಿ ಏರಿಹೋಗಬೇಕಾದುದು ನ್ಯಾಯ. ಆದರೆ ಅದು ಬಹುಮಟ್ಟಿಗೆ ಕೋಣೆಯೊಳಕ್ಕೇ ಮರಳುತ್ತಿತ್ತು. ಏರಿ ಹೋಗುತ್ತಿದ್ದುದು ಮಾತ್ರ ಶಾಖ. ಈ ವಿಪರೀತವನ್ನು ತಿದ್ದಿದ ಪುರುಷನೇ ಬೆಂಜಮಿನ್ ಥಾಂಪ್ಸನ್, ಅರ್ಥಾತ್ ಕೌಂಟ್ ರಂಫರ್ಡ್. ಈತನ ಬುದ್ಧಿಶಕ್ತಿಯನ್ನು ಮೆಚ್ಚದವರಿಲ್ಲ. ನಡತೆಯನ್ನು ಪೂರ್ತಿಯಾಗಿ ಮೆಚ್ಚಿದವರೂ ಇಲ್ಲ. ಎರಡನ್ನೂ ಮುಚ್ಚಿಡದೆ ಹೇಳುವುದೇ ಯೋಗ್ಯ.

ಥಾಂಪ್ಸನನು ೧೭೫೩ನೆಯ ಇಸವಿ ಮಾರ್ಚ್ ೨೬ರಂದು ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದ ವೂಬರ್ನ್ ಎಂಬ ಊರಿನಲ್ಲಿ ಒಂದು ರೈತ ಕುಟುಂಬದಲ್ಲಿ ಜನಿಸಿದನು. ಅಮೆರಿಕೆಯು ಆಗ ಬ್ರಿಟಿಷರ ವಸಾಹತಾಗಿತ್ತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು, ತಾಯಿ ಮರುಮದುವೆಯಾದಳು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನನ್ನು ಸೇಲಮ್ ಪಟ್ಟಣದ ಒಬ್ಬ ವರ್ತಕನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದರು. ಅಂಗಡಿಯ ಲೆಕ್ಕಕ್ಕಿಂತ ಯಂತ್ರಗಳ ಮೇಲೆ, ಮದ್ದುಗುಂಡುಗಳ ಮೇಲೆ ಅವನಿಗೆ ಹೆಚ್ಚು ಒಲವು. ಬಾಣಬಿರುಸುಗಳನ್ನು ತಯಾರಿಸಲು ಹೋಗಿ, ಮದ್ದು ಸಿಡಿದು, ತೀವ್ರವಾಗಿ ಸುಟ್ಟುಕೊಂಡದ್ದೂ ಉಂಟು. ಮುಂದೆ ಗೆಳೆಯನೊಬ್ಬನೊಡನೆ ಮೈಲುಗಟ್ಟಲೆ ನಡೆದು ಹಾರ್ವರ್ಡ್ ವಿದ್ಯಾಲಯಕ್ಕೆ ಹೋಗಿ, ಅಲ್ಲಿ ಪ್ರಾಧ್ಯಾಪಕ ಜಾನ್ ವಿಂತ್ರಪ್ ನೀಡುತ್ತಿದ್ದ ಭೌತವಿಜ್ಞಾನದ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದನು. ಕ್ರಮವಾದ ವಿದ್ಯಾಭ್ಯಾಸವೆಂದು ಅವನಿಗೆ ದೊರೆತುದು ಇಷ್ಟೇ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಕಾಂಕರ್ಡ್ ಎಂಬ ಊರಿಗೆ ಉಪಾಧ್ಯಾಯನಾಗಿ ಹೋದನು. ಆ ಊರಿಗೆ ಹಿಂದೆ ರಂಫರ್ಡ್ ಎಂಬ ಹೆಸರಿತ್ತು. ಅಲ್ಲಿ ತನಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಸಾರಾ ರೋಲ್ಫ್ ಎಂಬ ಸಿರಿವಂತ ವಿಧವೆಯನ್ನು ೧೭೭೨ರಲ್ಲಿ ಮದುವೆಯಾದನು. ಬಡ ಉಪಾಧ್ಯಾಯನು ದಿನ ಬೆಳಗಾಗುವುದರೊಳಗೆ ಜಮೀನುದಾರನಾದನು. ಗವರ್ನರನ ಕೃಪೆಯಿಂದ ನಾಡದಂಡಿನಲ್ಲಿ ಮೇಜರ್ ಪದವಿಯೂ ದೊರೆಯಿತು. ಹಿರಿಯ ಅಧಿಕಾರಿಗಳನ್ನು ಹಿಂದಿಕ್ಕಿ ಪಡೆದ ಈ ಪದವಿಯೇ ಅವನಿಗೆ ಮುಳುವಾಯಿತು. ಸ್ವಾತಂತ್ರ್ಯ ಸಮರದ ಗಾಳಿ ಬೀಸುತ್ತಿದ್ದ ಕಾಲವದು. ಥಾಂಪ್ಸನನು ಆಂಗ್ಲರ ಪಕ್ಷಪಾತಿಯೆಂದು ಜನರು ಸಂಶಯಪಟ್ಟರು. ಸಂಶಯವು ಸುಳ್ಳಾಗಿರಲಿಲ್ಲ. ಕಣ್ಣಿಗೆ ಕಾಣದ ಶಾಯಿಯಲ್ಲಿ ಬರೆದು ಅಮೆರಿಕನ್ನರ ಸೇನಾಸಮಾಚಾರವನ್ನು ಬ್ರಿಟಿಷ್ ಸೇನಾಪತಿಗೆ ಕಳುಹಿಸಿದ ಕಾಗದವೊಂದು ಅವನದೇ ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ೧೭೭೫ರಲ್ಲಿ ಹೆಂಡತಿಯನ್ನೂ ವರ್ಷದ ಕೂಸಾದ ಮಗಳನ್ನೂ ಬಿಟ್ಟು ಅವನು ಬ್ರಿಟಿಷರ ಬೀಡನ್ನು ಸೇರಿದನು. ಮರುವರ್ಷ ಲಂಡನ್ನಿಗೆ ಹೊರಟುಹೋದನು. ೧೭೯೨ರಲ್ಲಿ ಆಕೆ ಮಡಿದಳು. ಆ ಹದಿನೇಳು ವರ್ಷಗಳಲ್ಲಿ ಪತಿಪತ್ನಿಯರು ಒಮ್ಮೆಯೂ ಪರಸ್ಪರ ಮುಖ ನೋಡಲಿಲ್ಲ.

ಲಂಡನ್ನಿನಲ್ಲಿ ಅವನ ಏಳಿಗೆ ಶೀಘ್ರವಾಯಿತು. ಸರಕಾರದಲ್ಲಿ ಉನ್ನತ ಹುದ್ದೆ, ಸಿಡಿಮದ್ದಿನ ಮೇಲಣ ಪ್ರಯೋಗಗಳಿಗಾಗಿ ೧೭೭೯ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ೧೭೮೪ರಲ್ಲಿ ದೊರೆಯಿಂದ ಸರ್ ಪದವಿ, ಇವೆಲ್ಲ ಒಂದರ ಹಿಂದೊಂದಾಗಿ ಬಂದವು. ತರುವಾಯ ಜರ್ಮನ್ ಸಂಸ್ಥಾನವಾದ ಬವೇರಿಯದ ಅರಸು ಕಾರ್ಲ್ ಥಿಯೋಡೋರನ ಸೇವೆಗೆ ಸೇರಿ ಮ್ಯೂನಿಕ್ ನಗರದಲ್ಲಿ ನೆಲೆಸಿದನು. ಶಾಖದ ರಹಸ್ಯವು ಅವನನ್ನು ಹಿಡಿದುದು ಇಲ್ಲಿಯೇ.

ಬವೇರಿಯದ ಸೈನಿಕರಿಗೆ ಬೆಚ್ಚನೆಯ ಉಡುಪು ಬೇಕಾಗಿತ್ತು. ಯಾವ ಬಟ್ಟೆ ಹೆಚ್ಚು ಬೆಚ್ಚಗಿರುತ್ತದೆ? ಬೇರೊಬ್ಬ ಅಧಿಕಾರಿಯಾಗಿದ್ದರೆ ದರ್ಜಿಯನ್ನು ಕೇಳುತ್ತಿದ್ದನು. ಥಾಂಪ್ಸನನು ಉಷ್ಣಮಾಪಕದ ಬುರುಡೆಯ ಸುತ್ತ ಹತ್ತಿ, ಉಣ್ಣೆ, ರೇಷ್ಮೆ, ತುಪ್ಪುಳ, ಹಕ್ಕಿಯ ಮೃದುಗರಿ ಇವುಗಳನ್ನು ಒಂದೊಂದಾಗಿ ತುಂಬಿ, ಕಾಯಿಸಿ, ಅದು ಆರಲು ಹಿಡಿಯುವ ಕಾಲವನ್ನು ಅಳೆಯತೊಡಗಿದನು. ಬೆಚ್ಚಗಿಡುವುದು ಎಳೆಯಲ್ಲ, ಎಳೆಗಳ ನಡುವೆ ಅಲುಗಾಡದಂತೆ ಸಿಕ್ಕಿಬಿದ್ದ ಗಾಳಿ ಎಂಬುದು ಅವನಿಗೆ ಹೊಳೆಯಿತು. ಚಳಿನಾಡುಗಳ ಮನೆಗಳಲ್ಲಿ ಜೋಡಿಗಾಜಿನ ಕಿಟಕಿಗಳನ್ನು ಇರಿಸುವುದೂ, ಗೋಡೆಯೊಳಗೆ ನಾರಿನಂಥ ಹಗುರ ವಸ್ತುವನ್ನು ತುಂಬುವುದೂ ಈ ತತ್ತ್ವದ ಮೇಲೆಯೇ. ಈ ಸಂಶೋಧನೆಗಳಿಗಾಗಿ ರಾಯಲ್ ಸೊಸೈಟಿಯು ೧೭೯೨ರಲ್ಲಿ ಅವನಿಗೆ ಕಾಪ್ಲಿ ಪದಕವನ್ನಿತ್ತಿತು.

ಮ್ಯೂನಿಕ್ ನಗರದಲ್ಲಿ ಭಿಕ್ಷುಕರ ಕಾಟ ವಿಪರೀತವಾಗಿತ್ತು. ೧೭೯೦ನೆಯ ಜನವರಿ ಒಂದರಂದು ಸೈನಿಕರನ್ನೂ ನಗರದ ಅಧಿಕಾರಿಗಳನ್ನೂ ಬೀದಿಗಿಳಿಸಿ, ಭಿಕ್ಷುಕರನ್ನೆಲ್ಲ ಕರೆತರಿಸಿ, ಮೊದಲೇ ಸಿದ್ಧಪಡಿಸಿದ್ದ ಕಾರ್ಯಾಲಯದಲ್ಲಿ ನೂಲುವ, ನೇಯುವ, ಹೊಲಿಯುವ ಕೆಲಸ ಕೊಟ್ಟು ಅನ್ನ ಹಾಕುವ ಏರ್ಪಾಡು ಮಾಡಿದನು. ಬಡವರನ್ನು ಅಪರಾಧಿಗಳಂತೆ ಹಿಡಿದು ತರುವುದು ಇಂದು ನಮಗೆ ಹಿತವೆನಿಸದು. ಆದರೆ ಅಲ್ಲಿ ಅವರಿಗೆ ಬೆಚ್ಚನೆಯ ಕೋಣೆ, ಬಿಸಿಯಾದ ಊಟ, ದುಡಿದುದಕ್ಕೆ ಕೂಲಿ ದೊರೆತುದೂ ನಿಜ. ಬಾರ್ಲಿ, ಬಟಾಣಿ, ಆಲೂಗಡ್ಡೆ ಬೆರೆಸಿ ಕುದಿಸಿದ ಗಂಜಿಯಂಥ ಸಾರು ಅವರ ಆಹಾರ. ಆಲೂಗಡ್ಡೆಯೆಂದರೆ ಆ ನಾಡಿನ ಜನ ಮೂಗು ಮುರಿಯುತ್ತಿದ್ದರು. ಆದುದರಿಂದ ಮೊದಮೊದಲು ಅದನ್ನು ಗುರುತು ಸಿಕ್ಕದಂತೆ ಗುಟ್ಟಾಗಿ ಬೇಯಿಸಿ ಕರಗಿಸುತ್ತಿದ್ದನಂತೆ! ರುಚಿ ಹತ್ತಿದ ಮೇಲೆ ಯಾರೂ ಆಕ್ಷೇಪಿಸಲಿಲ್ಲ.

ದಿನವೂ ಸಾವಿರಕ್ಕೂ ಮಿಕ್ಕ ಜನರಿಗೆ ಅಡಿಗೆಯಾಗಬೇಕು, ಸೌದೆಗೆ ಹಣವಿಲ್ಲ. ಒಲೆಯನ್ನು ಕುರಿತು ಥಾಂಪ್ಸನನು ಚಿಂತಿಸಿದುದು ಇಂಥ ಇಕ್ಕಟ್ಟಿನಲ್ಲಿ. ಅಂದಿನ ಯೂರೋಪಿನ ಅಡಿಗೆಮನೆಗಳಲ್ಲಿ ಬೆಂಕಿಯು ತೆರೆದ ಕಟ್ಟೆಯ ಮೇಲೆ ಉರಿಯುತ್ತಿತ್ತು. ಪಾತ್ರೆಗೆ ತಗಲುತ್ತಿದ್ದ ಶಾಖ ಸ್ವಲ್ಪ. ಅಡಿಗೆಯವರ ಮುಖಕ್ಕೂ ಗಾಳಿಗೂ ಹೋಗುತ್ತಿದ್ದುದೇ ಹೆಚ್ಚು. ಅವನು ಪ್ರತಿಯೊಂದು ಪಾತ್ರೆಯನ್ನೂ ಇಟ್ಟಿಗೆಯ ಗೂಡಿನಲ್ಲಿ ಕುತ್ತಿಗೆಯವರೆಗೆ ಹುದುಗಿಸಿದನು. ಕೆಳಗೆ ಸಣ್ಣದೊಂದು ಉರಿಗೂಡು, ಸೌದೆಗೆ ಸರಳುಗಳ ತಳ, ಗಾಳಿ ಬರಲು ಬೇಕಾದಷ್ಟು ತೆರೆದು ಮುಚ್ಚಬಹುದಾದ ಬಾಗಿಲು. ಜ್ವಾಲೆಯು ಪಾತ್ರೆಯ ಅಡಿಯನ್ನೂ ಪಕ್ಕಗಳನ್ನೂ ಸುತ್ತಿ, ತನ್ನ ಶಾಖವನ್ನೆಲ್ಲ ಒಪ್ಪಿಸಿ, ಅನಂತರವೇ ಹೊಗೆಗೊಳವೆಯನ್ನು ಸೇರುತ್ತಿತ್ತು. ಇಟಲಿಗೆ ಪ್ರವಾಸ ಹೋದಾಗ ವೆರೋನ ನಗರದ ಆಸ್ಪತ್ರೆಗಳ ಅಡಿಗೆಮನೆಗಳನ್ನೂ ಹೀಗೆಯೇ ತಿದ್ದಿ, ಸೌದೆಯ ವೆಚ್ಚದಲ್ಲಿ ಬಹುಪಾಲನ್ನು ಉಳಿಸಿಕೊಟ್ಟನು.

ಇಲ್ಲಿ ನಮ್ಮ ನಾಡಿನ ಮಾತೊಂದನ್ನು ಹೇಳಬೇಕು. ಮುಚ್ಚಿದ ಉರಿಗೂಡು, ಅಳತೆಯ ಗಾಳಿ, ಹೊರಗೆ ಒಯ್ಯುವ ಹೊಗೆಗೊಳವೆ ಎಂಬ ಈ ಮೂರು ಸೂತ್ರಗಳು ನಮ್ಮ ಮಣ್ಣಿನ ಒಲೆಗೆ ತಲುಪಲು ಬಹಳ ಕಾಲ ಹಿಡಿಯಿತು. ೧೯೫೦ರ ದಶಕದಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಅವರು ಬಡವರ ಮನೆಗಾಗಿ ಹೊಗೆರಹಿತ ಒಲೆಯನ್ನು ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮತಂತ್ರಜ್ಞಾನ ಕೇಂದ್ರವು ಮೂರು ಪಾತ್ರೆಗಳನ್ನು ಏಕಕಾಲಕ್ಕೆ ಇಡಬಹುದಾದ ಅಸ್ತ್ರ ಒಲೆಯನ್ನು ಸಿದ್ಧಪಡಿಸಿತು. ಅದು ಕರ್ನಾಟಕದ ಅನೇಕ ಹಳ್ಳಿಗಳನ್ನು ಮುಟ್ಟಿತು. ಇವರೆಲ್ಲರೂ ಎದುರಿಸಿದ ಪ್ರಶ್ನೆಯು ಮ್ಯೂನಿಕ್‌ನ ಅನ್ನಾಲಯದ ಪ್ರಶ್ನೆಯೇ.

ಬವೇರಿಯದಲ್ಲಿ ಅವನು ಇನ್ನೂ ಹಲವು ಕಾರ್ಯಗಳನ್ನು ಮಾಡಿದನು. ಬೇಟೆಯ ಜೌಗುಭೂಮಿಯನ್ನು ಸಾರ್ವಜನಿಕ ಉದ್ಯಾನವನ್ನಾಗಿ ಮಾಡಿಸಿದನು. ಅದು ಇಂದಿಗೂ ಮ್ಯೂನಿಕ್‌ನಲ್ಲಿ ಇಂಗ್ಲಿಷ್ ಉದ್ಯಾನವೆಂದು ಪ್ರಸಿದ್ಧವಾಗಿದೆ. ಅರಸನು ಅವನನ್ನು ಕೌಂಟ್ ಪದವಿಗೇರಿಸಿದಾಗ, ಯಾವ ಹೆಸರು ಬೇಕೆಂದು ಆರಿಸಿಕೊಳ್ಳುವ ಅವಕಾಶ ಬಂದಿತು. ತಾನು ಹೆಂಡತಿ ಮಕ್ಕಳನ್ನು ತೊರೆದು ಬಂದ ಊರಿನ ಹಳೆಯ ಹೆಸರಾದ ರಂಫರ್ಡ್ ಎಂಬುದನ್ನೇ ಅವನು ಆರಿಸಿಕೊಂಡನು.

೧೭೯೫ರಲ್ಲಿ ರಂಫರ್ಡನು ಲಂಡನ್ನಿಗೆ ಮರಳಿ ಬಂದನು. ಸಾವಿರಾರು ಹೊಗೆಗೂಡುಗಳು ಕಲ್ಲಿದ್ದಲಿನ ಹೊಗೆಯನ್ನು ಕಾರುತ್ತಿದ್ದ ಆ ನಗರದ ಮೇಲೆ ಕವಿದಿದ್ದ ಕರಿಮೋಡವು ಅವನಿಗೆ ಸುಟ್ಟು ಮುಗಿಯದ ಇಂಧನದ ರಾಶಿಯಾಗಿಯೇ ಕಂಡಿತು. ಮನೆಗಳ ಒಳಗಣ ಸ್ಥಿತಿಯಾದರೂ ಹೇಗಿತ್ತು? ಅಗ್ಗಿಷ್ಟಿಕೆಗಳು ಚೌಕವಾಗಿ, ಆಳವಾಗಿ, ಒಬ್ಬ ಮನುಷ್ಯನು ಹೊಕ್ಕು ನಿಲ್ಲುವಷ್ಟು ದೊಡ್ಡವಾಗಿದ್ದವು. ಮೇಲಣ ಗಂಟಲು ಬಹು ಅಗಲ. ಅಷ್ಟು ಅಗಲವಾದ ದಾರಿಯಲ್ಲಿ ಹೊಗೆಯ ಜೊತೆಗೆ ಕೋಣೆಯ ಬೆಚ್ಚನೆಯ ಗಾಳಿಯೂ ಹೊರಟುಹೋಗುತ್ತಿತ್ತು. ಹೋದ ಗಾಳಿಯ ಸ್ಥಾನವನ್ನು ತುಂಬಲು ಬಾಗಿಲು ಕಿಟಕಿಗಳ ಸಂದಿನಿಂದ ಕೊರೆಯುವ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಉರಿಯ ಬಳಿ ಕುಳಿತವನ ಎದೆ ಬೇಯುತ್ತಿದ್ದರೆ ಬೆನ್ನು ಮರಗಟ್ಟುತ್ತಿತ್ತು. ತಣ್ಣನೆಯ ಗಾಳಿ ಬೆರೆತು ಹೊಗೆಗೂಡೇ ತಣ್ಣಗಾಗುವುದರಿಂದ ಹೊಗೆಗೆ ಏರುವ ಶಕ್ತಿಯೂ ಉಡುಗಿ, ಅದು ತಿರುಗಿ ಕೋಣೆಗೇ ಬರುತ್ತಿತ್ತು. ಜನರು ಹೊಗೆಗೂಡಿನ ತುದಿಗೆ ತರತರದ ಟೊಪ್ಪಿಗೆಗಳನ್ನು ತೊಡಿಸಿ ನೋಡಿದರು. ರೋಗವಿದ್ದುದು ಗಂಟಲಿನಲ್ಲಿ, ಮದ್ದು ಕೊಡುತ್ತಿದ್ದುದು ನೆತ್ತಿಗೆ.

ರಂಫರ್ಡನ ಚಿಕಿತ್ಸೆಗೆ ಬೇಕಾದುದು ಒಬ್ಬ ಗಾರೆಕೆಲಸದವನು, ಕೆಲವು ಇಟ್ಟಿಗೆಗಳು, ಒಂದಿಷ್ಟು ಗಾರೆ. ಹಳೆಯ ಅಗ್ಗಿಷ್ಟಿಕೆಯ ಒಳಗೇ ಹಿಂಬದಿಗೆ ಒಂದು ಹೊಸ ಗೋಡೆಯನ್ನು ಎಬ್ಬಿಸಿ ಉರಿಯನ್ನು ಕೋಣೆಯ ಕಡೆಗೆ ಮುಂದೆ ತಂದನು. ಹಿಂಗೋಡೆಯ ಅಗಲ ಎದುರಿನ ತೆರಪಿನ ಮೂರನೆಯ ಒಂದು ಪಾಲು ಮಾತ್ರ. ಪಕ್ಕದ ಗೋಡೆಗಳು ನೇರವಾಗಿ ನಿಲ್ಲದೆ, ಹಿಂಗೋಡೆಗೆ ೧೩೫ ಡಿಗ್ರಿಯ ಕೋನದಲ್ಲಿ ಕೋಣೆಯತ್ತ ತೆರೆದುಕೊಂಡವು. ಬೆಂಕಿಯ ಶಾಖವು ಸೂರ್ಯನ ಬಿಸಿಲಿನಂತೆ ವಿಕಿರಣವಾಗಿ ನೇರವಾಗಿ ಹರಿಯುತ್ತದೆಂಬುದೂ, ಓರೆಯಾದ ಗೋಡೆಯು ಅದನ್ನು ಕೋಣೆಯೊಳಕ್ಕೆ ಚೆಲ್ಲುತ್ತದೆಂಬುದೂ ಅವನ ತರ್ಕ. ಇದಕ್ಕೆ ಕಬ್ಬಿಣಕ್ಕಿಂತ ಇಟ್ಟಿಗೆ ಅಥವಾ ಕಲ್ಲು ಲೇಸು. ಅದಕ್ಕೆ ಸುಣ್ಣ ಹಚ್ಚಿ ಬೆಳ್ಳಗಿಟ್ಟರೆ ಮತ್ತೂ ಲೇಸು ಎಂದು ಅವನು ವಿಧಿಸಿದನು. ಎಲ್ಲಕ್ಕಿಂತ ಮುಖ್ಯವಾದುದು ಗಂಟಲು. ಅದನ್ನು ಉರಿಯ ನೇರಕ್ಕೆ ತಂದು, ಕೇವಲ ನಾಲ್ಕು ಅಂಗುಲದಷ್ಟಕ್ಕೆ ಕಿರಿದುಗೊಳಿಸಿದನು. ಮುಂದಿನ ಅಂಚನ್ನು ಹೊಗೆ ನುಣ್ಣನೆ ಜಾರುವಂತೆ ದುಂಡಗೆ ಮಾಡಿಸಿದನು. ಹೊಸ ಹಿಂಗೋಡೆಯ ನೆತ್ತಿಯು ಗಂಟಲಿನ ಹಿಂದೆ ಒಂದು ಚಪ್ಪಟೆಯಾದ ಕಟ್ಟೆಯಂತೆ ಉಳಿಯಿತು. ಮೇಲಿನಿಂದ ಬೀಸಿ ಬಂದ ಗಾಳಿಯು ಆ ಕಟ್ಟೆಗೆ ತಾಗಿ ಹಿಂದಿರುಗುವುದೇ ಹೊರತು ಹೊಗೆಯನ್ನು ಕೆಳಕ್ಕೆ ತಳ್ಳದು.

ಒಂದು ತೊಡಕು ಉಳಿದಿತ್ತು. ಹೊಗೆಗೂಡಿನ ಮಸಿಯನ್ನು ಆಗಾಗ ತೆಗೆಯದಿದ್ದರೆ ಅದಕ್ಕೆ ಬೆಂಕಿ ತಗುಲಿ ಮನೆಯೇ ಉರಿಯುವ ಭಯ. ಆ ಕಾಲದಲ್ಲಿ ಮಸಿ ಗುಡಿಸಲು ಎಳೆಯ ಹುಡುಗರನ್ನು ಹೊಗೆಗೂಡಿನೊಳಗೆ ಹತ್ತಿಸುತ್ತಿದ್ದರೆಂಬುದು ಕ್ರೂರವಾದ ಸಂಗತಿ. ನಾಲ್ಕು ಅಂಗುಲದ ಸಂದಿನಲ್ಲಿ ಯಾವ ಹುಡುಗನೂ ನುಸುಳಲಾರನು. ಇದಕ್ಕಾಗಿ ರಂಫರ್ಡನು ಹಿಂಗೋಡೆಯ ಮೇಲ್ಭಾಗದಲ್ಲಿ ಒಂದು ಗಂಡಿಯನ್ನು ಬಿಟ್ಟು, ಬೇಕಾದಾಗ ತೆಗೆದು ಮರಳಿ ಕೂರಿಸಬಹುದಾದ ಕಲ್ಲಿನ ಬಿಲ್ಲೆಯಿಂದ ಅದನ್ನು ಮುಚ್ಚಿಸಿದನು. ಕಟ್ಟಿದುದನ್ನು ಮುಂದೆ ಶುಚಿಯಾಗಿ ಇಟ್ಟುಕೊಳ್ಳುವುದು ಹೇಗೆಂಬುದನ್ನೂ ಕಟ್ಟುವಾಗಲೇ ಯೋಚಿಸಿದವನೀತನು. ಇಂದಿನ ನಗರಗಳ ಹೊಸ ಮನೆಗಳಲ್ಲಿ ನೀರಿನ ಕೊಳವೆಗಳನ್ನು ಕೈ ಹೋಗದಂತೆ ಗೋಡೆಯೊಳಗೆ ಹೂತುಬಿಡುವ ಶಿಲ್ಪಿಗಳಿಗೆ ಈ ಬುದ್ಧಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಲಾರ್ಡ್ ಪಾಮರ್‌ಸ್ಟನ್, ಸರ್ ಜೋಸೆಫ್ ಬ್ಯಾಂಕ್ಸ್ ಮೊದಲಾದವರ ಮನೆಗಳಲ್ಲಿ ಅಗ್ಗಿಷ್ಟಿಕೆಗಳು ಹೀಗೆ ರೂಪಾಂತರ ಹೊಂದಿದವು. ಕೋಣೆ ಬೆಚ್ಚಗಾಯಿತು, ಕಲ್ಲಿದ್ದಲಿನ ಖರ್ಚು ಇಳಿಯಿತು, ಹೊಗೆ ನಿಂತಿತು. ಸುದ್ದಿ ಹಬ್ಬಿ, ರಂಫರ್ಡ್ ಅಗ್ಗಿಷ್ಟಿಕೆಯಿಲ್ಲದ ಮನೆಯು ಮನೆಯೇ ಅಲ್ಲವೆಂಬಂತಾಯಿತು. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ತನ್ನ ಒಂದು ಕಥೆಯಲ್ಲಿ ಅದನ್ನು ಹೆಸರಿಸಿದ್ದಾಳೆ. ವ್ಯಂಗ್ಯಚಿತ್ರಕಾರ ಗಿಲ್ರೇ ಎಂಬವನು ರಂಫರ್ಡನು ತನ್ನ ಬೆಂಕಿಗೆ ಬೆನ್ನು ಕಾಯಿಸಿಕೊಳ್ಳುತ್ತ ನಿಂತ ಚಿತ್ರವನ್ನು ಬರೆದು ನಗಿಸಿದ್ದಾನೆ. ಇಷ್ಟಾದರೂ ಈತನು ಅದಕ್ಕೆ ಪೇಟೆಂಟ್ ಹಕ್ಕನ್ನು ಪಡೆಯಲಿಲ್ಲ. ಅಳತೆಗಳನ್ನೂ ಚಿತ್ರಗಳನ್ನೂ ೧೭೯೬ರಲ್ಲಿ ಅಚ್ಚು ಹಾಕಿಸಿ, ಯಾವ ಗಾರೆಕೆಲಸದವನಾದರೂ ನೋಡಿ ಕಟ್ಟುವಂತೆ ಲೋಕದ ಕೈಗಿತ್ತನು. ಪದವಿಗಾಗಿ, ಕೀರ್ತಿಗಾಗಿ ಏನನ್ನೂ ಮಾಡಲು ಹೇಸದಿದ್ದ ಮನುಷ್ಯನು ಹಣ ತರುವ ಈ ವಿದ್ಯೆಯನ್ನು ಬಿಟ್ಟಿಯಾಗಿ ಕೊಟ್ಟುಬಿಟ್ಟುದು ಅವನ ಸ್ವಭಾವದ ಒಂದು ವಿಚಿತ್ರ.

ಅದೇ ವರ್ಷ, ಕೂಸಾಗಿದ್ದಾಗ ಬಿಟ್ಟುಬಂದ ಮಗಳು ಸಾರಾ ಇಪ್ಪತ್ತೊಂದರ ತರುಣಿಯಾಗಿ ಅಮೆರಿಕೆಯಿಂದ ಬಂದು ತಂದೆಯನ್ನು ಕಂಡಳು. ಬಳಿಕ ಇಬ್ಬರೂ ಮ್ಯೂನಿಕ್‌ಗೆ ಪಯಣ ಬೆಳೆಸಿದರು. ಆಗ ಆಸ್ಟ್ರಿಯದ ಮತ್ತು ಫ್ರಾನ್ಸಿನ ಸೈನ್ಯಗಳೆರಡೂ ಆ ನಗರದ ಬಾಗಿಲಿಗೆ ಬಂದಿದ್ದವು, ಅರಸನು ಓಡಿಹೋಗಿದ್ದನು. ರಂಫರ್ಡನು ಎರಡನ್ನೂ ಒಳಗೆ ಬಿಡದೆ ನಗರವನ್ನು ಕಾಪಾಡಿದನು.

ಅವನ ಅತ್ಯಂತ ಪ್ರಸಿದ್ಧವಾದ ಪ್ರಯೋಗವು ನಡೆದುದು ಅಲ್ಲಿನ ಆಯುಧಾಗಾರದಲ್ಲಿ. ಶಾಖವೆಂಬುದು ಕ್ಯಾಲೊರಿಕ್ ಎಂಬ ತೂಕವಿಲ್ಲದ ದ್ರವವೆಂದು ಅಂದಿನ ಪಂಡಿತರು ನಂಬಿದ್ದರು. ಫಿರಂಗಿಯನ್ನು ಬೈರಿಗೆಯಿಂದ ಕೊರೆಯುವಾಗ ಅದು ಕಾದು ಸುಡುವುದನ್ನು ಕಂಡ ರಂಫರ್ಡನು, ಮೊಂಡಾದ ಬೈರಿಗೆಯೊಂದನ್ನು ತರಿಸಿ, ಫಿರಂಗಿಯ ಲೋಹವನ್ನು ನೀರಿನ ಪೆಟ್ಟಿಗೆಯಲ್ಲಿ ಮುಳುಗಿಸಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಿದನು. ಎರಡೂವರೆ ಗಂಟೆಯಲ್ಲಿ, ಬೆಂಕಿಯ ಕಿಡಿಯೂ ಇಲ್ಲದೆ, ನೀರು ಕುದಿಯಿತು! ನೋಡುತ್ತಿದ್ದವರು ಬೆರಗಾದರು. ತಿಕ್ಕುತ್ತ ಹೋದಷ್ಟೂ ಶಾಖವು ಹುಟ್ಟುತ್ತಲೇ ಇರುವುದಾದರೆ ಅದು ವಸ್ತುವಾಗಿರಲಾರದು, ಒಂದು ಬಗೆಯ ಚಲನೆಯೇ ಆಗಿರಬೇಕೆಂದು ೧೭೯೮ರಲ್ಲಿ ಅವನು ಸಾರಿದನು. ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಸುಮಾರು ಅರ್ಧ ಶತಮಾನದ ನಂತರ ಜೂಲ್ ಎಂಬ ವಿಜ್ಞಾನಿಯ ಅಳತೆಗಳಿಂದ ಆ ಮಾತು ಸ್ಥಿರಪಟ್ಟಿತು.

೧೭೯೯ರಲ್ಲಿ ಲಂಡನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯ ಸ್ಥಾಪನೆಗೆ ಈತನೇ ಕಾರಣನಾದನು. ಒಲೆ, ಅಗ್ಗಿಷ್ಟಿಕೆ, ಅಡಿಗೆಯ ಸಲಕರಣೆಗಳ ಮಾದರಿಗಳನ್ನು ಅಲ್ಲಿ ಇರಿಸಿ ಜನಸಾಮಾನ್ಯರಿಗೆ ತೋರಿಸಬೇಕೆಂಬುದು ಅವನ ಅಭಿಲಾಷೆ. ಅಲ್ಲಿಗೆ ಹಂಫ್ರಿ ಡೇವಿಯನ್ನು ೧೮೦೧ರಲ್ಲಿ ಕರೆತಂದವನೂ ಇವನೇ. ಡೇವಿಯ ಮೂಲಕ ಫ್ಯಾರಡೆಯು ಅಲ್ಲಿಗೆ ಬಂದನು. ಆದರೆ ಸಂಸ್ಥೆಯು ಬಡವರ ಒಲೆಗಿಂತ ಸಿರಿವಂತರ ಉಪನ್ಯಾಸಮಂದಿರವಾಗುವತ್ತ ಸಾಗಿತು. ಯಾರೊಡನೆಯೂ ಬಹುಕಾಲ ಹೊಂದಿ ನಡೆಯಲಾರದ ರಂಫರ್ಡನು ೧೮೦೨ರಲ್ಲಿ ಪ್ಯಾರಿಸಿನ ದಾರಿ ಹಿಡಿದನು.

ಅಲ್ಲಿ ನಡೆದುದನ್ನು ವಿಧಿವಿಲಾಸವೆನ್ನಬೇಕು. ಶಾಖದ್ರವಕ್ಕೆ ಕ್ಯಾಲೊರಿಕ್ ಎಂಬ ಹೆಸರು ರೂಢಿಗೆ ಬಂದುದು ಫ್ರಾನ್ಸಿನ ಮಹಾ ರಸಾಯನಜ್ಞ ಲಾವೋಸಿಯೇಯಿಂದ. ಅವನನ್ನು ಕ್ರಾಂತಿಕಾರರು ೧೭೯೪ರಲ್ಲಿ ಶಿರಚ್ಛೇದ ಮಾಡಿದ್ದರು. ಅವನ ವಿಧವೆಯೂ ವಿದುಷಿಯೂ ಆದ ಮೇರಿ ಆನ್ ಎಂಬಾಕೆಯನ್ನು ರಂಫರ್ಡನು ೧೮೦೫ರಲ್ಲಿ ಮದುವೆಯಾದನು. ಆಕೆಗೆ ಅತಿಥಿಗಳೆಂದರೆ ಪ್ರಾಣ. ಈತನಿಗೆ ಮೌನವೆಂದರೆ ಪ್ರಾಣ. ಒಮ್ಮೆ ಬಂದ ಅತಿಥಿಗಳು ಒಳಗೆ ಬಾರದಂತೆ ಈತನು ಹೆಬ್ಬಾಗಿಲಿಗೆ ಬೀಗ ಹಾಕಿಸಿದನಂತೆ. ಆಕೆ ಈತನ ಮೆಚ್ಚಿನ ಹೂಗಿಡಗಳಿಗೆ ಕುದಿಯುವ ನೀರನ್ನು ಸುರಿದಳಂತೆ. ೧೮೦೯ರಲ್ಲಿ ಇಬ್ಬರೂ ಬೇರೆಯಾದರು.

ಪ್ಯಾರಿಸಿನ ಬಳಿಯ ಓತೆಯ್ ಎಂಬಲ್ಲಿ ತೋಟದ ಮನೆಯೊಂದರಲ್ಲಿ ಅವನು ಕೊನೆಯ ವರ್ಷಗಳನ್ನು ಕಳೆದನು. ಬೆಳ್ಳನೆಯ ವಸ್ತುವಿನಿಂದ ಶಾಖವು ಕಡಿಮೆಯಾಗಿ ಹೊರಹೋಗುತ್ತದೆಂಬ ತನ್ನ ಸಿದ್ಧಾಂತಕ್ಕನುಸಾರವಾಗಿ ಚಳಿಗಾಲದಲ್ಲಿ ಟೊಪ್ಪಿಗೆಯಿಂದ ಹಿಡಿದು ಬಿಳಿಯ ಉಡುಪನ್ನೇ ಧರಿಸಿ ಬೀದಿಯಲ್ಲಿ ಹೋಗುತ್ತಿದ್ದನು; ಜನರು ನಿಂತು ನೋಡುತ್ತಿದ್ದರು. ದೀಪ, ಕಾಫಿ ಸೋಸುವ ಪಾತ್ರೆ, ಅಗಲ ಚಕ್ರದ ಗಾಡಿ ಎಂದು ಕೊನೆಯವರೆಗೂ ಪ್ರಯೋಗಗಳು ನಡೆದೇ ಇದ್ದವು. ೧೮೧೪ನೆಯ ಆಗಸ್ಟ್ ೨೧ರಂದು ಅಲ್ಲಿಯೇ ತೀರಿಕೊಂಡನು.

ಶಾಖ ಮತ್ತು ಬೆಳಕನ್ನು ಕುರಿತ ಸಂಶೋಧನೆಗಾಗಿ ೧೭೯೬ರಲ್ಲಿ ಅವನು ರಾಯಲ್ ಸೊಸೈಟಿಗೂ ಅಮೆರಿಕನ್ ಅಕಾಡೆಮಿಗೂ ದತ್ತಿಗಳನ್ನು ಕೊಟ್ಟಿದ್ದನು. ಸೊಸೈಟಿಯ ರಂಫರ್ಡ್ ಪದಕವನ್ನು ಮೊಟ್ಟಮೊದಲು ಪಡೆದವನು ಸ್ವತಃ ರಂಫರ್ಡನೇ! ಮುಂದೆ ಅದು ಫ್ಯಾರಡೆಗೂ ಪಾಶ್ಚರನಿಗೂ ಸಂದಿತು. ಅಮೆರಿಕನ್ ಅಕಾಡೆಮಿಯ ರಂಫರ್ಡ್ ಬಹುಮಾನವು ೧೯೫೭ರಲ್ಲಿ, ಮದರಾಸಿನಲ್ಲಿ ಓದಿ ಬೆಳೆದ ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ದೊರಕಿತು.

ತಂದೆಯ ಬಳಿ ಕೆಲವು ಕಾಲ, ಅಮೆರಿಕೆಯಲ್ಲಿ ಕೆಲವು ಕಾಲ ಎಂದು ಅಲೆದ ಸಾರಾ ಮದುವೆಯಾಗಲಿಲ್ಲ. ತಾಯಿಯನ್ನು ತಂದೆ ಬಿಟ್ಟುಹೋದ ಕಾಂಕರ್ಡಿನ ಅದೇ ಮನೆಗೆ ಕೊನೆಗೆ ಅವಳು ಮರಳಿದಳು. ಅಲ್ಲಿಯೇ ೧೮೫೨ರಲ್ಲಿ ಕಣ್ಮುಚ್ಚಿದಳು. ತನ್ನ ಆಸ್ತಿಯಲ್ಲಿ ಒಂದು ಭಾಗವನ್ನು ತಾಯಿಯಿಲ್ಲದ ಹೆಣ್ಣುಮಕ್ಕಳ ಆಶ್ರಯಕ್ಕಾಗಿ ಬರೆದಿಟ್ಟಿದ್ದಳು.